ಜನನ ದಾಖಲೆಯೇ ಇಲ್ಲದ ಮುತ್ತಜ್ಜನ ಬಗ್ಗೆ ಉಡುಪಿ ಕಡೆ ಹೇಗೆ ಹುಡುಕುವುದು?

ಜನನ ದಾಖಲೆ ಇಲ್ಲ ಅಂತ ಕೈಚೆಲ್ಲಬೇಡಿ. ನಮ್ಮ ಕಡೆ ಹಳ್ಳಿಯವರ ಸುದ್ದಿ ಜಾಸ್ತಿ ಸಿಗುವುದು ಜಾಗದ ಕಾಗದಗಳಲ್ಲೇ. ಮೊದಲು ಮನೆಯ ಹಳೇ ಪೆಟ್ಟಿಗೆ ತೆಗೆಯಿರಿ. ಗೇಣಿ ಚೀಟು (ಜಾಗ ಗೇಣಿಗೆ ಪಡೆದ ಕರಾರು), ತೀರ್ವೆ (ಭೂಕಂದಾಯ) ರಶೀದಿ, ಪಾಲುಪಟ್ಟಿ, ಯಾವುದರಲ್ಲಾದರೂ ಸರ್ವೆ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಅದನ್ನು ಹಿಡಿದು ತಾಲೂಕು ಕಚೇರಿಯಲ್ಲಿ ಹಳೇ ಅಡಂಗಲ್ (ಯಾವ ಜಾಗ ಯಾರ ಸಾಗುವಳಿಯಲ್ಲಿತ್ತು ಅನ್ನುವ ಊರಿನ ಲೆಕ್ಕಪುಸ್ತಕ) ಕೇಳಿ. 1974ರ ಭೂಸುಧಾರಣೆ ನಂತರ ಮನೆಯವರು ಈ ಜಾಗಕ್ಕೆ ನಾವೇ ಗೇಣಿದಾರರು ಅಂತ ಡಿಕ್ಲರೇಷನ್ ಕೊಟ್ಟಿದ್ದರೆ ಭೂನ್ಯಾಯಮಂಡಳಿಯ ಕಡತದ ನಕಲಿಗೂ ಅರ್ಜಿ ಹಾಕಿ. ಧಣಿ ಯಾರು, ಯಾರ ಕಾಲದಿಂದ ಗೇಣಿ, ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಅಳೆಯುತ್ತಿದ್ದರು ಅನ್ನುವುದೆಲ್ಲ ಅದರಲ್ಲಿರಬಹುದು.

ಅಳಿಯಕಟ್ಟಿನ ಮನೆತನವಾದರೆ ಸ್ವಲ್ಪ ಜಾಗ್ರತೆ. ಅಪ್ಪನ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ, ಜಾಗ ಸೋದರಮಾವನಿಂದ ಸೋದರಳಿಯನಿಗೆ ಬಂದಿರುತ್ತದಲ್ವಾ, ಹಾಗಾಗಿ ಮುತ್ತಜ್ಜನ ತಾಯಿಯ ಕುಟುಂಬದ ಯಜಮಾನನ ಹೆಸರು ಹುಡುಕಿ.

ಕ್ರೈಸ್ತ ಮನೆತನವಾದರೆ ಸುಲಭ, ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ನೋಡಿದರಾಯಿತು.

1956ರವರೆಗೆ ಈ ಊರೆಲ್ಲ ಮದ್ರಾಸಿಗೆ ಸೇರಿತ್ತು, ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೂ ಮೊದಲು ಮಂಗಳೂರೇ ಜಿಲ್ಲಾ ಕೇಂದ್ರ. ಉಡುಪಿಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲೂ ವಿಚಾರಿಸಿ. ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಬಹುದು, ಆದರೆ ಅಲ್ಲಿನ ಹುಟ್ಟಿದ ತಾರೀಕನ್ನು ಸುಮ್ನೆ ನಂಬಬೇಡಿ, ಎಷ್ಟೋ ಸಲ ಮೇಷ್ಟ್ರು ಅಂದಾಜಿಗೆ ಬರೆದದ್ದು.