ಎಂಟಿಆರ್ ಓದೋದು ಹೇಗೆ? ಕೊನೆ ಸಾಲಿಂದ ಶುರು ಮಾಡಿ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಸರ್ವರ್ ಸಿಗ್ತಿಲ್ಲ, ಸಿಕ್ಕಿದ್ರೂ ಎಳೀತಿದೆ, ಯಾರನ್ನ ಕೇಳಿದ್ರೂ ನಮ್ಮ ತಪ್ಪಲ್ಲ ಅಂತಾರೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ. ಎಂಟಿಆರ್ ಅಂದ್ರೆ ನಮ್ಮಿಂದ ಸರ್ವರ್ ತನಕ ದಾರೀಲಿ ಸಿಗೋ ಒಂದೊಂದು ರೂಟರನ್ನೂ ಒಂದೊಂದು ಸಾಲಲ್ಲಿ ತೋರಿಸೋ ಪ್ರೋಗ್ರಾಂ. ಅದ್ರಲ್ಲಿ ಲಾಸ್ ಅಂದ್ರೆ ಕಳಿಸಿದ ಪ್ಯಾಕೆಟ್‌ಗಳಲ್ಲಿ, ಅಂದ್ರೆ ಡೇಟಾದ ಸಣ್ಣ ತುಂಡುಗಳಲ್ಲಿ, ನೂರಕ್ಕೆ ಎಷ್ಟಕ್ಕೆ ಉತ್ತರ ಬರಲಿಲ್ಲ ಅನ್ನೋ ಲೆಕ್ಕ. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಚಿಕ್ಕಕ್ಷರ ಹಾಕ್ಕೊಳಿ, ದೊಡ್ಡಕ್ಷರ ಬೇಕಾದ ಕಡೆ ಬಿಡಿಸಿ ಹೇಳಿದೀನಿ.

ಪ್ರಶ್ನೆ: ನಮಸ್ತೆ ಮೇಡಂ. ಶಿರಸಿ ಹತ್ರ ಒಂದು ಅಡಿಕೆ ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್ ನಾನು ನೋಡ್ಕೋತೀನಿ, ಸರ್ವರ್ ಇರೋದು ಮುಂಬೈಲಿ. ದಿನಾ ಸಂಜೆ 7ರ ಮೇಲೆ ಬಿಲ್ ಸೇವ್ ಆಗೋಕೆ ಅರ್ಧ ನಿಮಿಷ ತಗೊಳತ್ತೆ. ಯಾರೋ ಹೇಳಿದ್ರು ಅಂತ ಎಂಟಿಆರ್ ಹಾಕಿ ನೋಡಿದೆ, 5ನೇ ಸಾಲಲ್ಲಿ 70 ಪರ್ಸೆಂಟ್ ಲಾಸ್ ತೋರಿಸ್ತಿದೆ! ಸ್ಕ್ರೀನ್‌ಶಾಟ್ ಕಳಿಸಿದ್ರೆ ಇಂಟರ್ನೆಟ್ ಕೊಡೋರು ಡೇಟಾ ಸೆಂಟರ್ ಕೇಳಿ ಅಂತಾರೆ, ಡೇಟಾ ಸೆಂಟರ್‌ನೋರು ಇವರನ್ನ ಕೇಳಿ ಅಂತಾರೆ. ಬೆಳಿಗ್ಗೆ ಮತ್ತೆ ಸಂಜೆಯ ರಿಪೋರ್ಟ್ ಎರಡೂ ಲಗತ್ತಿಸಿದೀನಿ.

ಉತ್ತರ: ಎರಡು ಹೊತ್ತಿನ ರಿಪೋರ್ಟ್ ಕಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್, ಅದಿಲ್ಲದೇ ಇದ್ದಿದ್ರೆ ನಾನೂ ಊಹೆ ಮಾಡ್ತಾ ಕೂತಿರ್ತಿದ್ದೆ. ಮೊದಲು ಆ 70 ಪರ್ಸೆಂಟ್ ವಿಷಯ ಮುಗಿಸೋಣ. ಅದು ತೊಂದರೆನೇ ಅಲ್ಲ, ಅದನ್ನ ಮರೆತುಬಿಡಿ.

ಯಾಕೆ ಅಂದ್ರೆ ನಿಮ್ಮ ರಿಪೋರ್ಟಲ್ಲಿ 9ನೇ ಸಾಲು, ಅಂದ್ರೆ ನಿಮ್ಮ ಸರ್ವರ್, ಬೆಳಿಗ್ಗೆ ಲಾಸ್ 0 ತೋರಿಸ್ತಿದೆ, ಹೋಗಿ ಬರೋಕೆ ಸರಾಸರಿ 34 ಮಿಲಿಸೆಕೆಂಡ್. 5ನೇ ರೂಟರ್ ದಾಟದೆ 9ಕ್ಕೆ ಹೋಗೋಕೆ ದಾರಿ ಇಲ್ಲ ಅಲ್ವಾ, ಅಲ್ಲಿ ನಿಜವಾಗ್ಲೂ ನೂರರಲ್ಲಿ 70 ಪ್ಯಾಕೆಟ್ ಬಿದ್ದುಹೋಗ್ತಿದ್ರೆ ಮುಂದಿನ ಎಲ್ಲಾ ಸಾಲಲ್ಲೂ ಕಮ್ಮಿ ಅಂದ್ರೂ ಅಷ್ಟೇ ಲಾಸ್ ಕಾಣಬೇಕಿತ್ತು. ಕಾಣ್ತಿಲ್ಲ. ಹಾಗಾದ್ರೆ ಬಿದ್ದಿದ್ದು ಏನು? ಆ ರೂಟರ್ ನಮಗೆ ಕೊಡಬೇಕಾದ ಉತ್ತರ ಮಾತ್ರ.

ಎಂಟಿಆರ್ ಕೆಲಸ ಮಾಡೋ ರೀತಿ ಗೊತ್ತಾದ್ರೆ ಇದು ತಾನಾಗೇ ಅರ್ಥ ಆಗತ್ತೆ. ಪ್ರತಿ ಪ್ಯಾಕೆಟ್ ಮೇಲೆ ಟಿಟಿಎಲ್ ಅಂತ ಒಂದು ಎಣಿಕೆ ಬರ್ದಿರತ್ತೆ, ದಾರೀಲಿ ಸಿಗೋ ಒಂದೊಂದು ರೂಟರೂ ಅದ್ರಲ್ಲಿ ಒಂದು ಕಳೀತಾ ಹೋಗತ್ತೆ, ಸೊನ್ನೆ ಆದ ಕಡೆ ಪ್ಯಾಕೆಟ್ ಎಸೆದು 'ನಿನ್ನ ಎಣಿಕೆ ಇಲ್ಲಿಗೆ ಮುಗೀತು' ಅಂತ ಕಳಿಸಿದೋರಿಗೆ ಒಂದು ಐಸಿಎಂಪಿ (ನೆಟ್‌ವರ್ಕ್ ತನ್ನ ಸುದ್ದಿ ತಿಳಿಸೋಕೆ ಬಳಸೋ ಸಂದೇಶ) ಚೀಟಿ ವಾಪಸ್ ಬರೀತದೆ. ಎಂಟಿಆರ್ ಬೇಕು ಅಂತಲೇ ಎಣಿಕೆ 1 ಹಾಕಿ ಒಂದು, 2 ಹಾಕಿ ಇನ್ನೊಂದು, ಹೀಗೆ ಕಳಿಸ್ತಾ ಚೀಟಿ ಬರೆದೋರ ವಿಳಾಸ ನೋಡಿ ದಾರಿ ಕಂಡುಹಿಡಿಯತ್ತೆ. ಈಗ ರೂಟರ್ ಕಡೆಯಿಂದ ನೋಡಿ. ಊಟದ ಪಂಕ್ತೀಲಿ ಬಡಿಸೋರು ಎಲೆಯಿಂದ ಎಲೆಗೆ ಓಡ್ತಾ ಇರ್ತಾರೆ, ಮಧ್ಯೆ ಯಾರಾದ್ರೂ ಸಾರಿಗೆ ಏನೇನು ಹಾಕಿದೀರಿ ಅಂತ ಕೇಳಿದ್ರೆ ಪುರಸೊತ್ತಿದ್ರೆ ಹೇಳ್ತಾರೆ, ಇಲ್ಲಾಂದ್ರೆ ಕೇಳಿಸೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗ್ತಾರೆ, ಆದ್ರೆ ಬಡಿಸೋದು ಮಾತ್ರ ನಿಲ್ಲಲ್ಲ. ರೂಟರ್‌ನಲ್ಲೂ ಪ್ಯಾಕೆಟ್ ಸಾಗಿಸೋಕೆ ಬೇರೆ ಚಿಪ್ ಇರತ್ತೆ, ಚೀಟಿ ಬರೆಯೋ ಕೆಲಸ ಪಾಪ ಒಂದು ಸಣ್ಣ ಸಿಪಿಯು ಪಾಲಿಗೆ, ಅದಕ್ಕೆ ಸೆಕೆಂಡಿಗೆ ಇಷ್ಟೇ ಚೀಟಿ ಅಂತ ಮಿತಿ ಹಾಕಿರ್ತಾರೆ. ನಡುವೆ ಬರೀ ಪ್ರಶ್ನೆ ಚಿಹ್ನೆ ಮೂರು ಬಂದಿದ್ರೂ ಇದೇ ಅರ್ಥ, ಆ ರೂಟರ್ ಚೀಟಿ ಬರೆಯೋದೇ ಇಲ್ಲ ಅಷ್ಟೇ.

ಅದಕ್ಕೆ ನಾನು ಯಾವಾಗ್ಲೂ ಕೊನೆ ಸಾಲಿಂದ ಓದೋದು. ಕೊನೇಲಿ ಲಾಸ್ ಇಲ್ಲ ಅಂದ್ರೆ ನಡುವಿನ ಲಾಸ್ ಲೆಕ್ಕಕ್ಕಿಲ್ಲ. ಕೊನೇಲಿ ಲಾಸ್ ಇದ್ರೆ ಅಲ್ಲಿಂದ ಮೇಲಕ್ಕೆ ಹತ್ತುತ್ತಾ ಹೋಗಿ, ಎಲ್ಲಿಂದ ಶುರುವಾಗಿ ಬಿಡದೆ ಕೆಳಗಿನ ತನಕ ಬಂದಿದೆ ನೋಡಿ.

ಈಗ ನಿಮ್ಮ ಸಂಜೆ ರಿಪೋರ್ಟ್. 1ನೇ ಸಾಲು, ನಿಮ್ಮದೇ ರೂಟರ್, ಲಾಸ್ 0, 1 ಮಿಲಿಸೆಕೆಂಡ್, ಅಂದ್ರೆ ನಿಮ್ಮ ಆಫೀಸಿನ ಒಳಗಡೆ ಸರಿ ಇದೆ. (ಇಲ್ಲೇ ಲಾಸ್ ಇದ್ರೆ ವೈಫೈ ಬಿಟ್ಟು ಕೇಬಲ್ ಹಾಕಿ ಮತ್ತೆ ನೋಡಬೇಕು. ನಾನು ಒಂದ್ಸಲ ಇದನ್ನ ನೋಡದೆ ಎರಡು ದಿನ ಹೊರಗಿನವರ ಜೊತೆ ವಾದ ಮಾಡಿದ್ದೆ, ಅವರ ಎರಡು ದಿನ ಹಾಳಾಗಿದ್ದಕ್ಕೆ ಈಗ್ಲೂ ಬೇಜಾರಿದೆ.) 2ನೇ ಸಾಲು 0 ಪರ್ಸೆಂಟ್, 9 ಮಿಲಿಸೆಕೆಂಡ್. 3ನೇ ಸಾಲಿಂದ ನೋಡಿ, ಲಾಸ್ 6, ಆಮೇಲೆ (5ನೇ ಸಾಲು ಬಿಟ್ಟು) 5, 7, ಕೊನೇಲಿ 6. ಸರಾಸರಿ 9ರಿಂದ ಒಂದೇ ಏಟಿಗೆ 140, ಪಕ್ಕದ ಎಸ್‌ಟಿ‌ಡೆವ್ ಕಾಲಂ ಅಂದ್ರೆ ಏರಿಳಿತ, ಅದೂ 60 ದಾಟಿದೆ. ಇದು ನಿಜವಾದ ತೊಂದರೆ, 2 ಮತ್ತು 3ರ ನಡುವಿನ ಲಿಂಕ್ ಸಂಜೆ ಹೊತ್ತು ತುಂಬಿ ತುಳುಕ್ತಿರೋ ಹಾಗೆ ಕಾಣ್ತಿದೆ. ಎಲ್ಲರೂ ಮನೆಗೆ ಬಂದು ವಿಡಿಯೋ ಹಾಕೋ ಹೊತ್ತು ಅದು. ನೂರಕ್ಕೆ 6 ಪ್ಯಾಕೆಟ್ ಅಂದ್ರೆ ಕಮ್ಮಿ ಅನ್ಸತ್ತೆ, ಆದ್ರೆ ಟಿಸಿಪಿ, ಅಂದ್ರೆ ಡೇಟಾನ ಬಿಡದೆ ತಲುಪಿಸೋ ವಿಧಾನ, ಪ್ಯಾಕೆಟ್ ಕಳೆದಾಗೆಲ್ಲ ತನ್ನ ವೇಗ ತಾನೇ ಇಳಿಸ್ಕೊಳತ್ತೆ, ಬಿಲ್ ಸೇವ್ ಆಗದೆ ಸುತ್ತುತ್ತಾ ಕೂರೋದು ಇದಕ್ಕೇ.

'ಕಾಣ್ತಿದೆ' ಅಂತ ಹೇಳಿದ್ದು ಸುಮ್ನೆ ಅಲ್ಲ. ಎಂಟಿಆರ್ ತೋರಿಸೋದು ಹೋಗೋ ದಾರಿ ಮಾತ್ರ, ಉತ್ತರ ವಾಪಸ್ ಬರೋ ದಾರಿ ಬೇರೆ ಇರಬಹುದು, ಮತ್ತೆ ಟೈಮ್ ಮಾತ್ರ ಎರಡೂ ಸೇರಿಸಿಯೇ ಲೆಕ್ಕ ಹಾಕಿರತ್ತೆ. ಹಾಗಾಗಿ ಅದೇ ಹೊತ್ತಲ್ಲಿ ಸರ್ವರ್‌ಗೆ ಲಾಗಿನ್ ಆಗಿ ಅಲ್ಲಿಂದ ನಿಮ್ಮ ಕಡೆಗೂ ಒಂದು ರಿಪೋರ್ಟ್ ತೆಗೀಲೇಬೇಕು. ನಿಮ್ಮ 2ನೇ ಸಾಲಲ್ಲಿ 100.64ರಿಂದ ಶುರುವಾಗೋ ವಿಳಾಸ ಇದೆ ನೋಡಿ, ಅಂದ್ರೆ ಹೆಚ್ಚಾಗಿ ನಿಮಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನವರಿಗೆ ಕಾಣೋ ವಿಳಾಸ) ಇಲ್ಲ, ಒಂದೇ ಐಪಿಯನ್ನ ತುಂಬಾ ಗಿರಾಕಿಗಳಿಗೆ ಹಂಚಿದಾರೆ, ಸರ್ವರ್‌ನಿಂದ ನಿಮ್ಮ ರೂಟರ್ ತನಕ ಬರೋಕೆ ಆಗಲ್ಲ. ಪರವಾಗಿಲ್ಲ, ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿದ್ರೆ ಬರತ್ತಲ್ಲ, ಆ ವಿಳಾಸಕ್ಕೇ ಹಾಕಿ, ನಿಮ್ಮ ಕಂಪನಿಯ ಬಾಗಿಲ ತನಕ ಆದ್ರೂ ಕಾಣತ್ತೆ.

ಕಮಾಂಡ್ ಹೀಗಿರಲಿ: ಎಂಟಿಆರ್ -ಆರ್ -ಡಬ್ಲ್ಯು -ಬಿ -ಝಡ್ -ಸಿ 200, ಆಮೇಲೆ ಸರ್ವರ್ ವಿಳಾಸ. ಸೆಕೆಂಡಿಗೊಂದರಂತೆ 200 ಸಲ ಕಳಿಸತ್ತೆ, ಮೂರೂವರೆ ನಿಮಿಷ ಕಾಯಬೇಕು, 10 ಸಲಕ್ಕೆ ನಿಲ್ಲಿಸಿದ ರಿಪೋರ್ಟ್‌ಗೆ ಬೆಲೆ ಇಲ್ಲ, ಅದ್ರಲ್ಲಿ ಒಂದು ಬಿದ್ರೂ 10 ಪರ್ಸೆಂಟ್ ಅನ್ನತ್ತೆ. -ಝಡ್ ಹಾಕಿದ್ರೆ ಯಾವ ರೂಟರ್ ಯಾವ ಕಂಪನಿ ನೆಟ್‌ವರ್ಕಿಗೆ ಸೇರಿದ್ದು ಅನ್ನೋ ಎಎಸ್ ನಂಬರ್ ಬರತ್ತೆ, ಜವಾಬ್ದಾರಿ ಯಾರ್ದು ಅಂತ ಹೇಳೋಕೆ ಇದೇ ಸಾಕ್ಷಿ. ಉಬುಂಟುಲಿ ಎಂಟಿಆರ್-ಟೈನಿ ಅನ್ನೋ ಪ್ಯಾಕೇಜ್ ಹಾಕ್ಕೊಳಿ, ವಿಂಡೋಸ್ ಆದ್ರೆ ವಿನ್‌ಎಂಟಿಆರ್ ಅಂತ ಸಿಗತ್ತೆ. ದೂರು ಬರೆಯೋವಾಗ ಸ್ಕ್ರೀನ್‌ಶಾಟ್ ಬೇಡ, ಅಕ್ಷರದಲ್ಲೇ ಕಾಪಿ ಮಾಡಿ ಹಾಕಿ, ಬೆಳಿಗ್ಗೆದು ಸಂಜೆದು, ಎರಡೂ ದಿಕ್ಕಿಂದು, ಗಂಟೆ ನಿಮಿಷ ಸಮೇತ. 5ನೇ ಸಾಲಿನ ಸುದ್ದಿ ಎತ್ತಲೇಬೇಡಿ, ಎತ್ತಿದ್ರೆ ಆಚೆ ಕಡೆಯೋರು ಅದೊಂದನ್ನ ಹಿಡ್ಕೊಂಡು ಇಡೀ ದೂರು ಮುಚ್ಚಿಬಿಡ್ತಾರೆ.

ಪ್ರಶ್ನೆ: ಮೇಡಂ ರೀ, ನಾ ಹುಬ್ಬಳ್ಳಿಯಾಗ ಬಿಸಿಎ ಓದಾಕತ್ತೀನಿ. ಕ್ಲೌಡ್‌ನ್ಯಾಗ ಒಂದು ಸಣ್ಣ ಸರ್ವರ್ ತಗೊಂಡೀನಿ. ಪಿಂಗ್ ಮಾಡಿದ್ರ ಉತ್ತರನ ಬರಂಗಿಲ್ಲ, ಆದ್ರ ವೆಬ್‌ಸೈಟ್ ಮಾತ್ರ ಓಪನ್ ಆಗ್ತದ. ನಾ ಬರೆದ ಇನ್ನೊಂದು ಆ್ಯಪ್ 8080 ಪೋರ್ಟಿನ್ಯಾಗ ಐತಿ, ಅದು ಓಪನ್ ಆಗಂಗಿಲ್ಲ. ಸರ್ವರ್ ನೆಟ್ಟಗ ಐತೋ ಇಲ್ಲೋ?

ಉತ್ತರ: ಸರ್ವರ್ ಚೆನ್ನಾಗೇ ಇದೆ ತಮ್ಮಾ. ಪಿಂಗ್, ಅಂದ್ರೆ ಇದ್ದೀಯಾ ಅಂತ ಕೇಳೋ ಪ್ಯಾಕೆಟ್, ಹೋಗೋದು ಐಸಿಎಂಪಿಯಲ್ಲಿ, ವೆಬ್‌ಸೈಟ್ ಟಿಸಿಪಿಯಲ್ಲಿ, ಫೈರ್‌ವಾಲ್ ಒಂದನ್ನ ಬಿಟ್ಟು ಇನ್ನೊಂದನ್ನ ತಡೀಬಹುದು. ಅಮೆಜಾನ್ ಕ್ಲೌಡ್‌ನಲ್ಲಿ ಹೊಸ ಸೆಕ್ಯುರಿಟಿ ಗ್ರೂಪ್ (ಅಲ್ಲಿನ ಫೈರ್‌ವಾಲ್) ಮಾಡಿದ್ರೆ ಹೊರಗಿಂದ ಬರೋ ಪಿಂಗ್‌ನ ನಾವಾಗಿ ತೆರೆಯೋ ತನಕ ಒಳಗೆ ಬಿಡೋದೇ ಇಲ್ಲ. ಹಾಗಾಗಿ ಎಂಟಿಆರ್‌ಗೂ ದೊಡ್ಡಕ್ಷರದ -ಟಿ, ಆಮೇಲೆ ದೊಡ್ಡಕ್ಷರದ -ಪಿ 443 ಅಂತ ಹಾಕು, ಆಗ ಅದು ವೆಬ್‌ಸೈಟಿನ ದಾರೀಲೇ ಟಿಸಿಪಿ ಕಳಿಸಿ ನೋಡತ್ತೆ.

8080ಗೆ ಬ್ರೌಸರ್ ಏನನ್ನತ್ತೆ ಅನ್ನೋದು ಬರೆದಿಲ್ಲ ನೀನು, ಅದೇ ಮುಖ್ಯ. ತಕ್ಷಣ 'ಕನೆಕ್ಷನ್ ರಿಫ್ಯೂಸ್ಡ್' ಅಂದ್ರೆ ಸಾಮಾನ್ಯವಾಗಿ ಪ್ಯಾಕೆಟ್ ಸರ್ವರ್ ತನಕ ಹೋಗಿ ಬಂದಿದೆ, ಆ ಪೋರ್ಟಲ್ಲಿ ಬಾಗಿಲು ತೆಗೆಯೋರು ಯಾರೂ ಇಲ್ಲ ಅಂತ. ತುಂಬಾ ಹೊತ್ತು ಸುತ್ತಿ 'ಟೈಮ್ಡ್ ಔಟ್' ಅಂದ್ರೆ ಹೆಚ್ಚಾಗಿ ಫೈರ್‌ವಾಲ್ ಸದ್ದಿಲ್ಲದೆ ಎಸೀತಿದೆ ಅಂತ, ಕ್ಲೌಡಿನ ಪ್ಯಾನಲ್‌ಗೆ ಹೋಗಿ 8080 ತೆಗಿ. ರಿಫ್ಯೂಸ್ಡ್ ಬಂದ್ರೆ ಸರ್ವರ್‌ನಲ್ಲಿ ಎಸ್‌ಎಸ್ -ಟಿಎಲ್‌ಎನ್‌ಪಿ ಹಾಕಿ ಯಾವ ಪೋರ್ಟಲ್ಲಿ ಯಾರು ಕಾಯ್ತಿದಾರೆ ನೋಡು. 127.0.0.1:8080 ಅಂತ ಇದ್ರೆ ನಿನ್ನ ಆ್ಯಪ್ ಒಳಗಿನವರಿಗೆ ಮಾತ್ರ ಉತ್ತರ ಕೊಡ್ತಿದೆ, ಆ್ಯಪ್ ಸೆಟ್ಟಿಂಗಲ್ಲಿ 0.0.0.0, ಅಂದ್ರೆ ಹೊರಗಿನವರಿಗೂ ಉತ್ತರ ಕೊಡು ಅಂತ, ಮಾಡ್ಬೇಕು. ಕಲಿಯೋ ಹುಡುಗರ ಸರ್ವರ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿರೋದು ಇದನ್ನೇ.

ಪ್ರಶ್ನೆ: ಫ್ರಾಂಕ್‌ಫರ್ಟ್‌ನಲ್ಲಿ ಇದ್ದೀವಿ. ಊರಿನ ಕನ್ನಡ ಸಂಘಕ್ಕೆ ಮಾಡಿದ ಸೈಟು ಬೆಂಗಳೂರಿನ ಸರ್ವರ್‌ನಲ್ಲಿದೆ, ಎಂಟಿಆರ್ ಕೊನೆ ಸಾಲು ಯಾವಾಗ ನೋಡಿದ್ರೂ 150 ಮಿಲಿಸೆಕೆಂಡ್. ಯಾರಿಗೆ ಹೇಳಿ ಸರಿ ಮಾಡಿಸೋದು?

ಉತ್ತರ: ಯಾರಿಗೂ ಹೇಳೋಕಾಗಲ್ಲ, ಅದು ದೂರ ಅಷ್ಟೇ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗತ್ತೆ, ಅಂದ್ರೆ ಪ್ರತಿ 100 ಕಿ.ಮೀ.ಗೆ ಹೋಗಿ ಬರೋಕೆ 1 ಮಿಲಿಸೆಕೆಂಡ್ ಅಂತ ಲೆಕ್ಕ ಇಟ್ಕೊಳಿ. ಬೆಂಗಳೂರು ಫ್ರಾಂಕ್‌ಫರ್ಟ್ ವಿಮಾನದ ದಾರಿನೇ 7,400 ಕಿ.ಮೀ. ಹತ್ರ ಇದೆ, ಅಲ್ಲಿಗೇ 74 ಆಯ್ತು. ಕೇಬಲ್ ನೇರ ಬರಲ್ಲ, ಹೆಚ್ಚಿನವು ಅರಬ್ಬಿ ಸಮುದ್ರ, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ಸುತ್ತಿ ಬರತ್ವೆ. ಲಾಸ್ 0 ಇದ್ದು ಏರಿಳಿತ ಕಮ್ಮಿ ಇದ್ರೆ 150 ಆರೋಗ್ಯವಾಗೇ ಇದೆ. ಅದೇ ಒಂದು ದಿನ ಇದ್ದಕ್ಕಿದ್ದ ಹಾಗೆ 250 ಆಗಿ ಅಲ್ಲೇ ನಿಂತ್ರೆ ದಾರಿ ಬದಲಾಗಿದೆ ಅಂತ ತಿಳ್ಕೊಳಿ, 2024ರ ಫೆಬ್ರವರೀಲಿ ಕೆಂಪು ಸಮುದ್ರದಲ್ಲಿ ಎಎಇ-1, ಸೀಕಾಮ್, ಇಐಜಿ ಕೇಬಲ್‌ಗಳು ತುಂಡಾದಾಗ ಹೀಗೇ ಟ್ರಾಫಿಕ್ಕನ್ನ ಬೇರೆ ದಾರಿಗೆ ತಿರುಗಿಸಬೇಕಾಯ್ತು. ಓದೋರು ಹೆಚ್ಚಿನವರು ಜರ್ಮನಿಲೇ ಇದ್ರೆ ಸೈಟನ್ನೇ ಅಲ್ಲಿಗೆ ತಗೊಂಡು ಹೋಗಿ.

ಪ್ರಶ್ನೆ: ಪಿಂಗ್, ಟ್ರೇಸ್‌ರೂಟ್, ಎಂಟಿಆರ್ ಎಲ್ಲಾ ಒಂದೇ ಕಂಪನಿ ಮಾಡಿದ್ದಾ? ಮಕ್ಕಳು ಕ್ಲಾಸಲ್ಲಿ ಕೇಳಿದ್ರು. - ತುಮಕೂರಿನ ಒಬ್ಬ ಮೇಷ್ಟ್ರು

ಉತ್ತರ: ಇಲ್ಲ ಸರ್, ಮೂರೂ ಬೇರೆ ಬೇರೆ ಜನ ತಮ್ಮ ಕಷ್ಟಕ್ಕೆ ಮಾಡ್ಕೊಂಡು ಎಲ್ಲರಿಗೂ ಕೊಟ್ಟಿದ್ದು. ಪಿಂಗ್ ಬರೆದೋರು ಮೈಕ್ ಮೂಸ್, ಅಮೆರಿಕದ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರೀಲಿ ಇದ್ದೋರು, 1983ರ ಡಿಸೆಂಬರ್‌ನಲ್ಲಿ ನೆಟ್‌ವರ್ಕ್ ಸರಿ ನಡೀತಿಲ್ಲ ಅಂತ ಒಂದೇ ಸಂಜೆ ಕೂತು ಬರೆದ್ರು, ಹೆಸರು ಬಂದಿದ್ದು ಸೋನಾರ್ ಶಬ್ದದಿಂದ. ಟ್ರೇಸ್‌ರೂಟ್ (ದಾರೀಲಿರೋ ರೂಟರ್‌ಗಳನ್ನ ತೋರಿಸೋದು) 1987ರದ್ದು, ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನ ವ್ಯಾನ್ ಜೇಕಬ್ಸನ್ ಅವರದ್ದು. ಇವೆರಡನ್ನೂ ಸೇರಿಸಿ 1997ರಲ್ಲಿ ಎಂಟಿಆರ್ ಮಾಡಿದ್ದು ಮ್ಯಾಟ್ ಕಿಂಬಾಲ್, ಮರುವರ್ಷದಿಂದ ಅದನ್ನ ನೋಡ್ಕೊಂಡಿದ್ದು ರೋಜರ್ ವುಲ್ಫ್. ಮಕ್ಕಳಿಗೆ ಲ್ಯಾಬಲ್ಲಿ ಒಂದ್ಸಲ ಓಡಿಸಿ ತೋರಿಸಿ ಸರ್, ದಾರೀಲಿರೋ ರೂಟರ್‌ಗಳು ಒಂದೊಂದಾಗಿ ಎದ್ದು ಬರೋದು ನೋಡೋದೇ ಚೆಂದ.

ಪ್ರಶ್ನೆ: ಅಕ್ಕಾ, ಮೈಸೂರಿನ ಮನೆಯಿಂದ ಆಫೀಸ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದಲೇ ಸರ್ವರ್ ಒಳಗೆ ಹೋಗೋ ದಾರಿ) ಮಾಡಿದ್ರೆ ಲಾಗಿನ್ ಆಗತ್ತೆ, ಸಣ್ಣ ಕಮಾಂಡ್ ಎಲ್ಲಾ ಓಡತ್ತೆ, ಆದ್ರೆ ದೊಡ್ಡ ಫೋಲ್ಡರ್ ಲಿಸ್ಟ್ ಕೇಳಿದ ತಕ್ಷಣ ಸ್ಕ್ರೀನ್ ಗಪ್ ಚುಪ್. ಪಿಂಗ್, ಎಂಟಿಆರ್ ಎರಡೂ ಕ್ಲೀನ್, ಲಾಸ್ 0. ತಲೆ ಕೆಟ್ಟುಹೋಗಿದೆ.

ಉತ್ತರ: ನಿನ್ನ ಕಷ್ಟ ನಂಗೆ ಪೂರ್ತಿ ಅರ್ಥ ಆಗತ್ತೆ, ಎರಡು ಆಫೀಸ್ ನಡುವಿನ ಟನಲ್‌ನಲ್ಲಿ ಇದೇ ಥರ ಆಗಿ ನಾನು ಮೂರು ರಾತ್ರಿ ನಿದ್ದೆ ಬಿಟ್ಟಿದೀನಿ. ಸಣ್ಣ ಪ್ಯಾಕೆಟ್ ಹೋಗತ್ತೆ, ದೊಡ್ಡದು ಸಿಕ್ಕಾಕ್ಕೊಳತ್ತೆ, ಪಿಂಗೂ ಎಂಟಿಆರೂ ಕಳಿಸೋದು ಸಣ್ಣದನ್ನೇ ಆಗಿರೋದ್ರಿಂದ ಅವಕ್ಕೆ ಏನೂ ಗೊತ್ತಾಗಲ್ಲ. ದೊಡ್ಡದು ಕಳಿಸಿ ನೋಡು. ಲಿನಕ್ಸ್‌ನಲ್ಲಿ ಪಿಂಗ್ -ಎಂ ಡು -ಎಸ್ 1472, ಎಂ ಮಾತ್ರ ದೊಡ್ಡಕ್ಷರ, ಡು ಅಂದ್ರೆ ಡಿ ಮತ್ತು ಓ, ವಿಂಡೋಸ್‌ನಲ್ಲಿ ಪಿಂಗ್ -ಎಫ್ -ಎಲ್ 1472. ಇದು 'ತುಂಡು ಮಾಡದೆ ಹಾಗೇ ಕಳಿಸು' ಅಂತ, 1472ಕ್ಕೆ ಹೆಡರ್‌ನ 28 ಬೈಟ್ ಸೇರಿ 1500. ಅದು ಹೋಗದೆ 1464 ಹೋದ್ರೆ ದಾರಿಯ ಅಳತೆ 1492, ಅಂದ್ರೆ ಪಿಪಿಪಿಓಇ ಕನೆಕ್ಷನ್, ಯೂಸರ್‌ನೇಮ್ ಪಾಸ್‌ವರ್ಡ್ ಹಾಕೋ ಬ್ರಾಡ್‌ಬ್ಯಾಂಡ್ ಇರತ್ತಲ್ಲ ಅದು, 8 ಬೈಟ್ ಅದೇ ಇಟ್ಕೊಳತ್ತೆ. ಅದಕ್ಕಿಂತ ಕೆಳಗೆ ಬಂದ್ರೆ ನಡುವೆ ಯಾವುದೋ ಟನಲ್ (ಪ್ಯಾಕೆಟ್ಟನ್ನ ಇನ್ನೊಂದು ಪ್ಯಾಕೆಟ್ ಒಳಗಿಟ್ಟು ಕಳಿಸೋ ದಾರಿ) ಇದೆ.

ಅಳತೆ ಕಮ್ಮಿ ಇರೋದು ತಪ್ಪಲ್ಲ. ದೊಡ್ಡ ಪ್ಯಾಕೆಟ್ ಬಂದ್ರೆ ಆ ರೂಟರ್ 'ಚಿಕ್ಕದು ಮಾಡಿ ಕಳಿಸು' ಅಂತ ಐಸಿಎಂಪಿ ಚೀಟಿ ಬರೀತದೆ, ಸರ್ವರ್ ಅದನ್ನ ನೋಡಿ ಸರಿಮಾಡ್ಕೊಳತ್ತೆ. ಆದ್ರೆ ಸೆಕ್ಯುರಿಟಿ ಅಂತ ಯಾರೋ ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಮುಚ್ಚಿಟ್ಟಿದ್ರೆ ಚೀಟಿ ಒಳಗೆ ಬರೋದೇ ಇಲ್ಲ, ಸರ್ವರ್ ಪಾಪ ಅದೇ ದೊಡ್ಡ ಪ್ಯಾಕೆಟ್ಟನ್ನ ಮತ್ತೆ ಮತ್ತೆ ಕಳಿಸ್ತಾ ಇರತ್ತೆ. ದಯವಿಟ್ಟು ಯಾರೂ ಐಸಿಎಂಪಿ ಪೂರ್ತಿ ಬ್ಲಾಕ್ ಮಾಡಬೇಡಿ, ಪಿಂಗ್ ಬೇಡ ಅಂದ್ರೆ ಪಿಂಗ್ ಒಂದನ್ನ ಮುಚ್ಚಿ, 'ಫ್ರಾಗ್ಮೆಂಟೇಶನ್ ನೀಡೆಡ್' ಅನ್ನೋ ಆ ಚೀಟಿಗೆ ದಾರಿ ಬಿಡಿ.

ನೀನು ಈ ರಾತ್ರಿನೇ ಮಾಡಬಹುದಾದ್ದು, ಮನೆ ಕಂಪ್ಯೂಟರ್‌ನ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) 1400ಕ್ಕೆ ಇಳಿಸಿ ಹೊಸದಾಗಿ ಎಸ್‌ಎಸ್‌ಎಚ್ ಮಾಡಿ ಅದೇ ಫೋಲ್ಡರ್ ಲಿಸ್ಟ್ ಕೇಳು. ಬಂತು ಅಂದ್ರೆ ರೋಗ ಇದೇ. ಆಮೇಲೆ ರೂಟರ್‌ನಲ್ಲಿ ಎಂಎಸ್ಎಸ್ ಕ್ಲ್ಯಾಂಪಿಂಗ್ (ಎರಡೂ ಕಡೆಗೆ ಚಿಕ್ಕ ಪ್ಯಾಕೆಟ್ಟೇ ಸಾಕು ಅಂತ ಮೊದಲೇ ಹೇಳಿಸೋದು) ಅನ್ನೋದು ಇದ್ರೆ ಆನ್ ಮಾಡಿ ಕಂಪ್ಯೂಟರ್‌ದು ಮೊದಲಿನ 1500ಕ್ಕೇ ಇಡು, ಆಫೀಸಿನ ಸರ್ವರ್ ನೋಡ್ಕೊಳೋರಿಗೆ ಟಿಸಿಪಿ ಎಂಟಿಯು ಪ್ರೋಬಿಂಗ್ (ಚೀಟಿ ಬರದಿದ್ರೂ ಸರ್ವರ್ ತಾನೇ ಚಿಕ್ಕ ಅಳತೆ ಹುಡುಕೋ ಸೆಟ್ಟಿಂಗ್) 1 ಮಾಡೋಕೆ ಹೇಳು, ಜೊತೆಗೆ 1472 ಹೋಗದೆ 1464 ಹೋಗಿದ್ದನ್ನ ಹಾಗೇ ಕಾಪಿ ಮಾಡಿ ಕಳಿಸು.