ರೆಡ್ ಅಲರ್ಟ್ ಬಂದಾಗ ಮನೆಯಲ್ಲಿರೋದಾ, ಹೊರಡೋದಾ?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕು. ಮನೆ ಹಿಂದೆಯೇ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಅಡುಗೆಮನೆ ದೊಡ್ಡದು ಮಾಡುವಾಗ ಜೆಸಿಬಿ ತರಿಸಿ ಅದನ್ನು ಇನ್ನಷ್ಟು ಕಡಿಸಿದ್ದೇವೆ. ಮಳೆ ಜೋರಾದಾಗಲೆಲ್ಲ ಪಂಚಾಯಿತಿಯವರು ಕಾಳಜಿ ಕೇಂದ್ರಕ್ಕೆ (ಸರ್ಕಾರದ ಪರಿಹಾರ ಶಿಬಿರಕ್ಕೆ) ಹೋಗಿ ಅಂತಾರೆ. ನಮ್ಮ ಮನೆಯವರು ಆರ್‌ಸಿಸಿ ಮನೆ, ಏನೂ ಆಗಲ್ಲ ಅಂತಾರೆ. ಅತ್ತೆಗೆ 76 ವರ್ಷ, ಮಂಡಿನೋವು, ದಿನಾ ಇನ್ಸುಲಿನ್. ಎರಡು ಹಸು ಬೇರೆ ಇವೆ. ಏನು ಮಾಡೋಣ?

ಉತ್ತರ: ನೀವು ಹೊರಡಲೇಬೇಕು. ಆರ್‌ಸಿಸಿ ಮನೆ ಗಾಳಿಗೆ, ಸಿಡಿಲಿಗೆ ಒಳ್ಳೆಯ ಆಸರೆ, ಅಂಥ ದಿನ ಬಾಗಿಲು ಹಾಕಿಕೊಂಡು ಒಳಗಿರುವುದೇ ಸರಿ. ಆದರೆ ಬರೆ ಜರಿದರೆ ಮನೆ ಎಷ್ಟು ಗಟ್ಟಿ ಅನ್ನುವುದು ಲೆಕ್ಕಕ್ಕೇ ಬರಲ್ಲ. 2018ರ ಆಗಸ್ಟ್‌ನಲ್ಲಿ ನಿಮ್ಮ ಕೊಡಗಿನಲ್ಲೇ ಕಾಂಕ್ರೀಟ್ ಮನೆಗಳು ಅಡಿಪಾಯದ ಸಮೇತ ಜಾರಿ ಹೋದವು, ಅಲ್ವಾ?

ರೆಡ್ ಅಲರ್ಟ್ ಅಂದರೆ ಒಂದೇ ದಿನದಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ ಬರಬಹುದು ಅಂತ. ಅದು ಇಡೀ ಜಿಲ್ಲೆಗೆ ಕೊಡುವ ಮಾತು, ನಿಮ್ಮ ಬರೆ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಮಣ್ಣು ದಿನಗಟ್ಟಲೆ ನೀರು ಕುಡಿದು ಭಾರವಾಗಿ, ಹಿಡಿತ ಬಿಟ್ಟಾಗ ಜರಿಯುತ್ತದೆ. ಹಾಗಾಗಿ ಬಿಡದೆ ಮೂರು ನಾಲ್ಕು ದಿನ ಸುರಿದರೆ ಅಲರ್ಟ್ ರೆಡ್‌ಗಿಂತ ಕೆಳಗಿನ ಹಳದಿ ಇದ್ದರೂ ಹೊರಡಿ. ಮಳೆ ನಿಂತ ತಕ್ಷಣ ವಾಪಸ್ ಬರಲೂಬೇಡಿ.

ಈಗಿನಿಂದಲೇ ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗಿ ದೂರ ನಿಂತು ಬರೆಯನ್ನು ನೋಡಿ. ಮೇಲ್ಗಡೆ ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆಯಾ, ನೀರೇ ಇಲ್ಲದ ಜಾಗದಲ್ಲಿ ಒರತೆ ಎದ್ದಿದೆಯಾ, ಅದು ತಿಳಿಯಾಗಿದ್ದದ್ದು ಕೆಂಪಗಾಯಿತಾ? ತೋಟದ ಸಿಲ್ವರ್ ಓಕ್ ಮರ, ಕರೆಂಟ್ ಕಂಬ ವಾಲಿದೆಯಾ? ಅಡುಗೆಮನೆಯ ಹಿಂಬಾಗಿಲು ಇದ್ದಕ್ಕಿದ್ದಂತೆ ಕಚ್ಚಿಕೊಂಡರೆ ಮಳೆಗೆ ಮರ ಉಬ್ಬಿದೆ ಅಂತ ಸುಮ್ನಾಗಬೇಡಿ, ಗೋಡೆ ಕದಲಿರಬಹುದು. ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ನೀರು ಏಕಾಏಕಿ ಕಮ್ಮಿಯಾದರೆ ಇನ್ನೂ ಅಪಾಯ, ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ ಅಂತ ಅರ್ಥ. ಇವುಗಳಲ್ಲಿ ಒಂದು ಕಂಡರೂ ಸಾಕು, ಎಲ್ಲರೂ ಹೊರಗೆ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಆಮೇಲೆ ಮಾಡಿ.

ಹಗಲು ಹೊತ್ತಲ್ಲೇ ಹೊರಡಿ. ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದದ್ದು ಜನ ಮಲಗಿದ್ದ ಹೊತ್ತಿನಲ್ಲಿ. ಒಂದು ಸಲ ಕುಸಿದು, ಬೆಳಗಾಗುವ ಮೊದಲು ಮತ್ತೆ ಕುಸಿಯಿತು. ಅದಕ್ಕೇ ಹೇಳೋದು, ಒಂದು ಸಲ ಜರಿದ ಮೇಲೆ ಸಾಮಾನು ತರೋಕೆ ಅಂತ ಯಾರೂ ಒಳಗೆ ಹೋಗಬಾರದು.

ಅತ್ತೆಯವರನ್ನು ಎಲ್ಲರಿಗಿಂತ ಮೊದಲು, ರಸ್ತೆ ಚೆನ್ನಾಗಿರುವಾಗಲೇ ಕಳಿಸಿ. ಕುಶಾಲನಗರದಲ್ಲಿ ನೆಂಟರಿದ್ದಾರೆ ಅಂದರೆ ಅವರ ಮನೆ ಹೊಳೆ ಬದಿಯದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, 2018ರಲ್ಲೂ 2019ರಲ್ಲೂ ಕಾವೇರಿ ಅಲ್ಲಿನ ಬಡಾವಣೆಗಳಿಗೆ ನುಗ್ಗಿದ್ದಳು. ಒಡೆದು ಬಳಸುತ್ತಿರುವ ಇನ್ಸುಲಿನ್ ನಿಮ್ಮ ಮಳೆಗಾಲದ ಚಳಿಯಲ್ಲಿ ಫ್ರಿಜ್ ಇಲ್ಲದೆಯೂ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ಸೂಜಿ, ಡಾಕ್ಟರ ಚೀಟಿ, ಆಧಾರ್, ರೇಷನ್ ಕಾರ್ಡ್, ಆರ್‌ಟಿಸಿ ಎಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಟಾರ್ಚ್, ಪವರ್ ಬ್ಯಾಂಕ್ ಜೊತೆ ಬಾಗಿಲ ಹತ್ತಿರ ನೇತುಹಾಕಿ.

ಹಸುಗಳನ್ನು ಬಯಲಲ್ಲಿರುವ ಯಾರದಾದರೂ ಕೊಟ್ಟಿಗೆಯಲ್ಲಿ ಕಟ್ಟಲು ಈಗಲೇ ಮಾತಾಡಿಡಿ. ಅಷ್ಟು ಹೊತ್ತು ಸಿಗಲಿಲ್ಲ ಅಂದರೆ ಹಗ್ಗ ಬಿಚ್ಚಿ ಬಿಟ್ಟುಬಿಡಿ. ಕಟ್ಟಿಹಾಕಿ ಹೋಗಬೇಡಿ, ದಯವಿಟ್ಟು. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ಆಫ್ ಮಾಡಿ.

ಕತ್ತಲಾಗಿದೆ, ರಸ್ತೆಯೂ ಕಡಿದುಹೋಗಿದೆ ಅಂತಾದರೆ? ಆಗ ಮಾತ್ರ ಮನೆಯೊಳಗೆ, ಅದೂ ಬರೆಯಿಂದ ಅತಿ ದೂರದ ಮುಂದಿನ ಕೋಣೆಯಲ್ಲಿ, ಮಹಡಿ ಇದ್ದರೆ ಮೇಲೆ. ಒಬ್ಬರಾದರೂ ಎಚ್ಚರ ಇರಿ. ಅಡುಗೆಮನೆ ಪಕ್ಕ ಯಾರೂ ಮಲಗಬೇಡಿ.

ಪ್ರಶ್ನೆ: ನಮ್ದು ಚಿಕ್ಕೋಡಿ ತಾಲೂಕ, ಕೃಷ್ಣಾ ನದಿ ದಂಡಿ ಊರು ರೀ. ನೀರ ಬಂದ್ರ ಮಾಳಿಗಿ ಮ್ಯಾಲ ಕುಂತ್ರ ಸಾಕಲ್ಲ?

ಉತ್ತರ: ಸಾಕಾಗಲ್ಲ ರೀ. ನಿಮ್ಮ ಕಡೆಯ ನೀರು ಮಹಾರಾಷ್ಟ್ರದ ಮಳೆಯದು, ಕೊಯ್ನಾ ಡ್ಯಾಮಿನಿಂದ ಬಿಟ್ಟದ್ದು. ಗುಡ್ಡದ ಹಾಗೆ ಏಕಾಏಕಿ ಬೀಳಲ್ಲ, ನಿಮ್ಮೂರು ತಲುಪುವ ಮೊದಲೇ ಸುದ್ದಿ ಬಂದಿರುತ್ತದೆ. ಆದರೆ ಬಂದ ನೀರು ಬೇಗ ಇಳಿಯಲ್ಲ. 2019ರ ಆಗಸ್ಟ್‌ನಲ್ಲಿ ಎಷ್ಟೋ ಊರಲ್ಲಿ ದಿನಗಟ್ಟಲೆ ನಿಂತಿತ್ತು. ಮಾಳಿಗೆ ಜೀವ ಉಳಿಸಬಹುದು, ಆದರೆ ಕುಡಿಯೋ ನೀರು, ಸಂಡಾಸು, ಕರೆಂಟ್, ದನಕ್ಕೆ ಮೇವು ಎಲ್ಲಿಂದ ತರುತ್ತೀರಿ? ಸೇತುವೆ ಮುಳುಗುವ ಮೊದಲೇ ದನ, ಮೇವು ಸಮೇತ ಎತ್ತರದ ಜಾಗಕ್ಕೆ ಹೋಗಿ. ಮುಳುಗಿದ ಸೇತುವೆ ಮೇಲೆ ಬೈಕ್ ಬೇಡ, ಟ್ರ್ಯಾಕ್ಟರೂ ಬೇಡ. ಮೊಣಕಾಲುದ್ದ ನೀರೂ ಸೆಳೆತ ಇದ್ದರೆ ಆಳನ್ನು ಎಳೆದೊಯ್ಯುತ್ತದೆ.

ನೀರು ಇಳಿದು ಮನೆಗೆ ಬಂದಾಗ ಮೊದಲು ಕೋಲಿನಿಂದ ಮೂಲೆ ತಡವಿ, ಹಾವು ಸೇರಿಕೊಂಡಿರುತ್ತವೆ. ಲೈನ್‌ಮನ್ ಬಂದು ನೋಡುವವರೆಗೆ ಸ್ವಿಚ್ ಮುಟ್ಟಬೇಡಿ. ಕೆಸರು ಬಳಿಯುವಾಗ ಗಂಬೂಟ್ ಹಾಕಿ, ಕಾಲಲ್ಲಿ ಗಾಯ ಇದ್ದರೆ ಆ ಕೆಲಸಕ್ಕೇ ಇಳಿಯಬೇಡಿ, ಇಲಿಜ್ವರ ಹಿಡಿಯೋದು ಹೀಗೇ. ಜ್ವರ, ಮೀನಖಂಡದ ನೋವು ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಪ್ರವಾಹದ ನೀರಲ್ಲಿ ಓಡಾಡಿದ್ದೆ ಅಂತ ಡಾಕ್ಟರಿಗೆ ಹೇಳಿ.