ಕಾಓರ್ ವೈನ್ ಜೊತೆ ಊಟಕ್ಕೆ ಏನು ಮಾಡಬೇಕು?

ಕೆಲಸಕ್ಕೆಂದು ಫ್ರಾನ್ಸಿನ ಟುಲೂಸ್‌ಗೆ ಹೊಸದಾಗಿ ಬಂದಿದ್ದೀರಿ. ಆಫೀಸಿನವರು ಒಂದು ಬಾಟಲಿ ಕಾಓರ್ ರೆಡ್ ವೈನ್ ಕೊಟ್ಟಿದ್ದಾರೆ, ಶನಿವಾರ ರಾತ್ರಿ ಅವರೇ ಊಟಕ್ಕೆ ಬರುವವರಿದ್ದಾರೆ, ಅವರಲ್ಲೊಬ್ಬರು ಸಸ್ಯಾಹಾರಿ. ನಮ್ಮ ಕಡೆಯ ಖಾರದ ಮಟನ್ ಸಾರು ಇದಕ್ಕೆ ಹೊಂದುತ್ತದಾ ಅಂತ ಕೇಳಿದ್ದೀರಿ. ಮಟನ್ ಚೆನ್ನಾಗಿ ಹೊಂದುತ್ತದೆ, ಖಾರ ಹೊಂದುವುದಿಲ್ಲ.

ಕಾಓರ್ ಇರುವುದು ನೀವಿರುವ ಊರಿನಿಂದ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಲಾಟ್ ನದಿಯ ತಿರುವಿನಲ್ಲಿ. ಈ ಹೆಸರಿನಲ್ಲಿ ಮಾರುವ ವೈನ್‌ಗೆ ಕನಿಷ್ಠ 70% ಮಾಲ್ಬೆಕ್ ದ್ರಾಕ್ಷಿ ಇರಲೇಬೇಕು, ಉಳಿದದ್ದು ಮೆರ್ಲೋ ಅಥವಾ ತನ್ನಾ. ಮಾಲ್ಬೆಕ್ ಅಂದರೆ ಗಾಢ ಬಣ್ಣ, ಜೊತೆಗೆ ಟ್ಯಾನಿನ್. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಅದೇ ಥರದ ಒಗರು. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಬಾಯಲ್ಲಿ ಮಾಂಸ, ಕೊಬ್ಬು, ಉಪ್ಪು ಇದ್ದರೆ ಆ ಬಿಗಿ ಸಡಿಲವಾಗಿ ಹಣ್ಣಿನ ರುಚಿ ಮೇಲೆ ಬರುತ್ತದೆ, ವೈನು ಜಿಡ್ಡನ್ನೂ ತೊಳೆಯುತ್ತದೆ. ಅದೇ ಮೆಣಸಿನಕಾಯಿ ಇದ್ದರೆ ಆಲ್ಕೋಹಾಲೂ ಒಗರೂ ಸೇರಿ ಉರಿಯನ್ನು ಹೆಚ್ಚಿಸುತ್ತವೆ. ಬೆಲ್ಲ ಬಿದ್ದ ಅಡುಗೆ ಇನ್ನೊಂದು ಥರ ಕೆಡಿಸುತ್ತದೆ: ಸಿಹಿಯ ಮುಂದೆ ಈ ವೈನು ಕಹಿಯಾಗಿ, ಒರಟಾಗಿ ಕಾಣುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ ಬಾತುಕೋಳಿ, ಅಂದರೆ ಕಾನ್ಫಿ ದ ಕನಾರ್. ಬಾತುಕೋಳಿಯ ತೊಡೆಗೆ ಉಪ್ಪು ಹಚ್ಚಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಈ ತಿನಿಸು ನೈಋತ್ಯ ಫ್ರಾನ್ಸಿನ ಮನೆಮನೆಯದು. ನೀವೇ ಬೇಯಿಸಬೇಕಾಗಿಲ್ಲ, ಟುಲೂಸಿನ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಡಬ್ಬಿಯಲ್ಲಿ ಸಿಗುತ್ತದೆ. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟರೆ ಕೊಬ್ಬು ಕರಗುತ್ತದೆ. ಆಮೇಲೆ ತೊಡೆಗಳನ್ನು ಹುಷಾರಾಗಿ ಎತ್ತಿ. ಮಾಂಸ ಆಗಲೇ ಮೆತ್ತಗಾಗಿರುವುದರಿಂದ ಅವಸರ ಮಾಡಿದರೆ ಮೂಳೆಯಷ್ಟೇ ಕೈಗೆ ಬರುತ್ತದೆ. ಎಣ್ಣೆ ಹಾಕದ ಬಾಣಲೆಯಲ್ಲಿ ಚರ್ಮದ ಕಡೆ ಕೆಳಗೆ ಮಾಡಿ, ಸಣ್ಣ ಉರಿಯಲ್ಲಿ ಚರ್ಮ ಗರಿಗರಿಯಾಗುವ ತನಕ ಅಲುಗಾಡಿಸದೆ ಬಿಡಿ. ಡಬ್ಬಿಯಲ್ಲಿ ಉಳಿದ ಕೊಬ್ಬನ್ನು ದಯವಿಟ್ಟು ಚೆಲ್ಲಬೇಡಿ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಮಾಡಿ ಅದರಲ್ಲೇ ಹುರಿದು, ಕೊನೆಗೆ ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ. ಈ ಎರಡರ ಪಕ್ಕದಲ್ಲಿ ಒಂದು ಲೋಟ ಕಾಓರ್ ಇದ್ದರೆ ಬೇರೇನೂ ಬೇಡ.

ಮಟನ್ನೇ ಮಾಡಬೇಕು ಅಂತಿದ್ದರೆ ಅದೂ ಆ ಸೀಮೆಗೆ ಪರಕೀಯವಲ್ಲ. ಕಾಓರ್ ಸುತ್ತಲಿನ ಸುಣ್ಣಕಲ್ಲಿನ ಬಯಲಿನಲ್ಲಿ ಸಾಕುವ ಕೆರ್ಸಿ ಕುರಿಮರಿಗೆ ಒಳ್ಳೆಯ ಹೆಸರಿದೆ. ನಿಮ್ಮ ಮಸಾಲೆಯಲ್ಲಿ ಧನಿಯಾ, ಕಾಳುಮೆಣಸು, ಚಕ್ಕೆ ಇರಲಿ, ಬ್ಯಾಡಗಿ ಬಣ್ಣಕ್ಕಷ್ಟೇ ಬೀಳಲಿ. ಸಾರಿಗಿಂತ ಗಟ್ಟಿಯಾಗಿ, ಹುರುಕಲಿನ ಹಾಗೆ ಇಳಿಸಿದರೆ ಇನ್ನೂ ಉತ್ತಮ.

ಸಸ್ಯಾಹಾರಿ ಗೆಳೆಯರಿಗೆ ಬರೀ ಸಲಾಡ್ ಕೊಟ್ಟು ಸುಮ್ಮನಾಗಬೇಡಿ. ಮಳೆ ಬಿದ್ದ ಶರತ್ಕಾಲದಲ್ಲಿ ಸಂತೆಗೆ ಸೆಪ್ ಅಣಬೆ ಬರುತ್ತದೆ, ಬೇರೆ ಕಾಲದಲ್ಲಿ ಒಣಗಿಸಿದ್ದು ಸಿಗುತ್ತದೆ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಅಂಚು ಕೆಂಪಾಗುವ ತನಕ ಹುರಿದರೆ ಮಾಂಸಕ್ಕಿಂತ ಏನೂ ಕಡಿಮೆಯಿಲ್ಲ. ಚೀಸ್ ಇಡುವುದಾದರೆ ಮೊದಲೇ ಅವರನ್ನು ಕೇಳಿ: ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹಳಷ್ಟಕ್ಕೆ ಹಾಲು ಒಡೆಸುವುದು ಕರು ಅಥವಾ ಮೇಕೆಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಮ್ಮವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಬಾಟಲಿಯನ್ನು ಒಂದೆರಡು ಗಂಟೆ ಮುಂಚೆ ತೆರೆದು, ಅಗಲ ಬಾಯಿಯ ಜಗ್ಗಿಗೆ ಸುರಿದಿಡಿ, ಅದರಲ್ಲೂ ವೈನು ಎಳೆಯದಾಗಿದ್ದರೆ. ಬಾಟಲಿಯಲ್ಲೇ ಬಿಟ್ಟರೆ ಗಾಳಿ ಸಾಲದು. 16–18 ಡಿಗ್ರಿ ಸಾಕು, ಬೇಸಿಗೆಯಾದರೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಲು ಹಿಂಜರಿಯಬೇಡಿ.

ಮಾಲ್ಬೆಕ್ ಅಂದಕೂಡಲೇ ಜನ ಅರ್ಜೆಂಟೀನಾ ಅನ್ನುತ್ತಾರೆ. ನನಗೆ ಇದು ಬೇಸರದ ವಿಷಯ. ಬಳ್ಳಿ ಅಲ್ಲಿಗೆ ಹೋದದ್ದು ಫ್ರಾನ್ಸಿನಿಂದ, 19ನೇ ಶತಮಾನದಲ್ಲಿ. ಆಮೇಲೆ ಫಿಲಾಕ್ಸೆರಾ ಹುಳು ಕಾಓರ್‌ನ ತೋಟಗಳನ್ನು ತಿಂದುಹಾಕಿತು, ಮತ್ತೆ ಚಿಗುರಿದ್ದನ್ನು 1956ರ ಫೆಬ್ರವರಿಯ ಹಿಮ ಸುಟ್ಟಿತು. ಅಷ್ಟಾದ ಮೇಲೂ ಅಲ್ಲಿಯವರು ಹೊಸದಾಗಿ ನೆಟ್ಟು, 1971ರಲ್ಲಿ ಎಒಸಿ, ಅಂದರೆ ವೈನು ಇಂಥ ಸೀಮೆಯದೇ ಎಂದು ಖಾತ್ರಿಪಡಿಸುವ ಫ್ರೆಂಚ್ ಮಾನ್ಯತೆ ಪಡೆದರು. ನಿಮ್ಮ ಅತಿಥಿಗಳ ಹತ್ತಿರ ಈ ಮಾತು ತೆಗೆಯಿರಿ, ಊಟ ಮುಗಿಯುವ ತನಕ ಹರಟೆಗೆ ಬರವಿರುವುದಿಲ್ಲ.

ಮೊದಲಿಗೆ ಸೂಪ್ ಇದ್ದರೆ ಇನ್ನೊಂದು ವಿಷಯ. ಬಟ್ಟಲಿನ ತಳದಲ್ಲಿ ಉಳಿದ ಬಿಸಿ ಸೂಪಿಗೆ ಯಾರಾದರೂ ಒಂದಿಷ್ಟು ವೈನ್ ಸುರಿದು, ಬಟ್ಟಲನ್ನೇ ಎತ್ತಿ ಕುಡಿದರೆ ಗಾಬರಿಯಾಗಬೇಡಿ. ಅದು ಆ ಸೀಮೆಯ ಹಳೆಯ ಪದ್ಧತಿ, ಶಾಬ್ರೋ ಅನ್ನುತ್ತಾರೆ. ನೀವೂ ಮಾಡಿ ನೋಡಿ. ಸಿಹಿ ಬಡಿಸುವ ಹೊತ್ತಿಗೆ ಮಾತ್ರ ಈ ವೈನನ್ನು ಮೇಜಿನಿಂದ ತೆಗೆದು ಕಾಫಿ ಇಡಿ.